ಧಣಿಯ ಲೆಕ್ಕ ಕೇಳುವವರು ಯಾರು?

ವಿಷಯ ಇಷ್ಟು. ಮಂಗಳೂರಿನಲ್ಲಿ ಹತ್ತಿಪ್ಪತ್ತು ಜನಕ್ಕೆ ಕೆಲಸ ಕೊಟ್ಟು ಸ್ವಂತ ಉದ್ಯಮ ನಡೆಸುವವರಲ್ಲಿ, ಬೇರೆಬೇರೆ ಕಸುಬಿನ ಎಂಟು ಹತ್ತು ಮಂದಿ ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂರುವುದು. ಸರದಿಯ ಮೇಲೆ ಒಬ್ಬೊಬ್ಬರು ತಮ್ಮ ವ್ಯವಹಾರದ ಲೆಕ್ಕ ಬಿಚ್ಚಿಡುವುದು, ಉಳಿದವರು ಪ್ರಶ್ನೆ ಕೇಳುವುದು. ಸಂಶಯವೂ ಇಷ್ಟೇ: ಇಂಥ ಕೂಟ ನಮ್ಮ ಊರಿಗೆ ಬೇಕೇ? ಬೇಕಿದ್ದರೂ ಇಲ್ಲಿ ನಡೆದೀತೇ?

ಬೇಕು ಎಂಬುದು ನನ್ನ ಪಕ್ಷ. ಸಣ್ಣ ಉದ್ಯಮದ ಧಣಿಗೆ ನಿಜ ಹೇಳುವವರಿಲ್ಲ. ಕೆಲಸದವರಿಗೆ ಸಂಬಳದ ಹಂಗು. ಮನೆಯವರಿಗೆ ಹೇಳಿದರೆ ಅವರ ನಿದ್ದೆಯೂ ಕೆಡುತ್ತದೆ. ಆಡಿಟರು ನೋಡುವುದು ಕಳೆದ ವರ್ಷದ ಲೆಕ್ಕವನ್ನು. ಬ್ಯಾಂಕಿನ ಮುಂದೆ ಕಷ್ಟ ಹೇಳಿಕೊಂಡರೆ ಓವರ್‌ಡ್ರಾಫ್ಟಿನ ಮಿತಿಗೇ ಕುತ್ತು ಬಂದೀತೆಂಬ ಭಯ. ಹಿಂದೆ ಬ್ಯಾಂಕಿನಿಂದಲೇ ಒಂದಿಷ್ಟು ಬುದ್ಧಿಮಾತು ಸಿಗುತ್ತಿತ್ತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇದೇ ಊರಿನಲ್ಲಿ ಕೆನರಾ ಬ್ಯಾಂಕಿನ ಮೂಲವಾದ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. 1912ರಲ್ಲಿ ಕೆಥೊಲಿಕರ ಸಹಕಾರಿ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಸಾಲ ಕೊಡುವವನಿಗೆ ಸಾಲಗಾರನ ಮನೆ, ಅಂಗಡಿ, ಸ್ವಭಾವ ಎಲ್ಲ ಗೊತ್ತಿದ್ದ ಕಾಲ ಅದು. ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಪಾಂಡೇಶ್ವರದಲ್ಲಿ ಪ್ರಧಾನ ಕಚೇರಿ ಇದ್ದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನ ಪಾಲಾಯಿತು. ಈಗ ಮ್ಯಾನೇಜರರು ಊರಿನ ಪರಿಚಯ ಆಗುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ.

ಇದಕ್ಕೆ ಮೊದಲ ಪೂರ್ವಪಕ್ಷ: ನಮ್ಮಲ್ಲಿ ಸಂಘಗಳಿಗೇನು ಬರವೇ? ಬಂದರಿನಲ್ಲಿ 1940ರಿಂದ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಇದೆ, ಬೈಕಂಪಾಡಿಯಲ್ಲಿ ಸಣ್ಣ ಕೈಗಾರಿಕೆಗಳ ಸಂಘ ಇದೆ, ರೋಟರಿ, ಲಯನ್ಸ್ ಇವೆ. ಇವೆ, ಇರಲೂಬೇಕು. ಆದರೆ ಅವುಗಳ ಮುಖ ಸರ್ಕಾರದ ಕಡೆಗೆ, ಸಮಾಜದ ಕಡೆಗೆ. ವಿದ್ಯುತ್ ದರ, ರಸ್ತೆ, ಬಂದರು, ತೆರಿಗೆ ಎಲ್ಲರಿಗೂ ಸಮಾನವಾದ ಕಷ್ಟಗಳು, ಅವುಗಳಿಗೆ ಮನವಿ ಬರೆಯಬಹುದು. ನನ್ನ ತಮ್ಮನನ್ನು ಪಾಲುದಾರಿಕೆಯಿಂದ ಬಿಡಿಸಬೇಕೇ ಎಂಬುದಕ್ಕೆ ಮನವಿ ಬರೆಯಲಾಗದು. ರೋಟರಿ ಕೂಡ 1905ರಲ್ಲಿ ಷಿಕಾಗೋದಲ್ಲಿ ಬೇರೆಬೇರೆ ವೃತ್ತಿಯ ನಾಲ್ವರು ಪರಿಚಿತರ ಭೇಟಿಯಾಗಿಯೇ ಶುರುವಾದದ್ದು. ಮುಂದೆ ಅದು ಸೇವೆಯ ದಾರಿ ಹಿಡಿಯಿತು, ಅದು ಒಳ್ಳೆಯದೇ, ಆದರೆ ಹಳೆಯ ಜಾಗ ಖಾಲಿ ಉಳಿಯಿತು. ಇನ್ನು ಪರಸ್ಪರ ಗಿರಾಕಿ ಹುಡುಕಿಕೊಡುವ ವಾರದ ಕೂಟಗಳಲ್ಲಿ ಎಲ್ಲರೂ ಎಲ್ಲರಿಗೂ ಚೆನ್ನಾಗಿ ಕಾಣಬೇಕು. ನಷ್ಟದ ಮಾತು ಅಲ್ಲಿ ಬಾಯಿಗೆ ಬರುವುದಿಲ್ಲ.

ಎರಡನೆಯದು: ನನ್ನಷ್ಟೇ ತಿಳಿದವರು ನನಗೇನು ಹೇಳಿಯಾರು? ಮೇಲುನೋಟಕ್ಕೆ ಇದು ಬಲವಾದ ಆಕ್ಷೇಪ. ಚೀನಾದ ನಾನ್‌ಚಾಂಗ್ ನಗರದಲ್ಲಿ ಅರ್ಥಶಾಸ್ತ್ರಜ್ಞರಾದ ಜಿಂಗ್ ಕೈ, ಆಡಂ ಸೈಡಲ್ ಇದನ್ನೇ ಪರೀಕ್ಷಿಸಿದರು. ಸುಮಾರು 2,800 ಹೊಸ ಸಂಸ್ಥೆಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ, ಹತ್ತು ಹತ್ತು ಜನರ ಗುಂಪು ಮಾಡಿ, ಒಂದು ವರ್ಷ ತಿಂಗಳಿಗೊಮ್ಮೆ ಸೇರಿಸಿದರು. ಗುಂಪಿನಲ್ಲಿದ್ದವರ ವಹಿವಾಟು ಇಲ್ಲದವರಿಗಿಂತ ಶೇ. 8.1ರಷ್ಟು ಹೆಚ್ಚಿತು ಎಂದು ಅವರು 2018ರಲ್ಲಿ ಪ್ರಕಟಿಸಿದರು. ಪಂಡಿತರು ಬಂದು ಪಾಠ ಮಾಡಿರಲಿಲ್ಲ.

ಯಾಕೆ ಹೀಗೆ? ನಮ್ಮೂರಿನದೇ ಉದಾಹರಣೆ ಕಲ್ಪಿಸೋಣ. ದಕ್ಕೆಯ ಬಳಿ ಐಸ್ ಪ್ಲಾಂಟ್ ಇರುವವರಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ ಎಂಬುದು ಮೊದಲೇ ಗೊತ್ತು. ಆ ಎರಡು ತಿಂಗಳ ಸಂಬಳವನ್ನು ಬೇಸಿಗೆಯಲ್ಲೇ ತೆಗೆದಿಡುವುದು ಅವರಿಗೆ ಅಭ್ಯಾಸ. ಹಂಪನಕಟ್ಟೆಯ ಪ್ರೆಸ್ಸಿನವರಿಗೆ ಶಾಲೆ ಶುರುವಾಗುವ ಹೊತ್ತಿನಲ್ಲಿ ಕೈತುಂಬ ಕೆಲಸ, ಆಮೇಲೆ ಮಂದ. ಆದರೂ ಅವರು ವರ್ಷವಿಡೀ ಒಂದೇ ತರಹ ಖರ್ಚು ಮಾಡುತ್ತಾರೆ, ಯಾಕೆಂದರೆ ಪ್ರೆಸ್ಸಿನವರೆಲ್ಲ ಮಾಡುವುದೇ ಹಾಗೆ. ಒಂದು ಕಸುಬಿನ ಹಳೆಯ ಜಾಣತನ ಇನ್ನೊಂದು ಕಸುಬಿಗೆ ಹೊಸ ಸುದ್ದಿ.

ಬಾಕಿ ವಸೂಲಿಯದೂ ಇದೇ ಕಥೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ಕೊಂಡವರು ಬರಹದ ಒಪ್ಪಂದವಿದ್ದರೂ ಹಣ ಕೊಡಲು 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಪಾವತಿಸುವ ತನಕ ಖರ್ಚೆಂದು ತೋರಿಸುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನಿಗೂ ನಿಯಮ ಸೇರಿತು. ಕಾನೂನನ್ನು ಆಡಿಟರು ಹೇಳಿಯಾರು. ದೊಡ್ಡ ಗಿರಾಕಿ ಕೈತಪ್ಪದ ಹಾಗೆ ಅದನ್ನು ಯಾವ ಮಾತಿನಲ್ಲಿ ನೆನಪಿಸಬೇಕು, ಯಾವ ಹಂತದಲ್ಲಿ ದೂರು ಕೊಡಬೇಕು ಎಂಬುದನ್ನು ಒಮ್ಮೆ ಕೇಳಿ ವಸೂಲು ಮಾಡಿದವನೇ ಹೇಳಬೇಕು.

ಮೂರನೆಯದು, ನಿಜಕ್ಕೂ ಕಠಿಣವಾದದ್ದು: ಮಂಗಳೂರು ದೊಡ್ಡ ಊರಲ್ಲ. ಇವತ್ತು ಕೂಟದಲ್ಲಿ ಆಡಿದ್ದು ನಾಳೆ ಮದುವೆ ಹಾಲಿನಲ್ಲಿ ಕೇಳಿಬರುತ್ತದೆ. ಉದ್ರಿ ಕೊಡುವವನ ಕಿವಿಗೆ ಬಿದ್ದರೆ ವ್ಯಾಪಾರವೇ ನಿಂತೀತು. ಈ ಭಯವನ್ನು ನಾನು ಹಗುರ ಮಾಡುವುದಿಲ್ಲ. ನಾನ್‌ಚಾಂಗಿನ ಪ್ರಯೋಗದಲ್ಲೂ ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಕಡಿಮೆಯಾಗುವಂಥ ಮಾಹಿತಿಯನ್ನು ಪ್ರತಿಸ್ಪರ್ಧಿಗಳಿರುವ ಗುಂಪಿನಲ್ಲಿ ಜನ ಅಷ್ಟಾಗಿ ಹಂಚಿಕೊಳ್ಳಲಿಲ್ಲ. ಆದ್ದರಿಂದ ಮಾತು ಕೊಟ್ಟರೆ ಸಾಲದು, ಕೂಟದ ರಚನೆಯಲ್ಲೇ ರಕ್ಷಣೆ ಇರಬೇಕು. ಇಬ್ಬರು ಗೇರುಬೀಜದವರು, ಇಬ್ಬರು ಬೇಕರಿಯವರು ಒಂದೇ ಕೂಟದಲ್ಲಿ ಇರಬಾರದು. ಒಬ್ಬರಿಂದೊಬ್ಬರು ಮಾಲು ಕೊಳ್ಳುವವರು, ಸಾಲ ಪಡೆದವರು ಇರಬಾರದು. ಹತ್ತಿರದ ನೆಂಟರು ಇರಬಾರದು. ಇದರಿಂದ ಇನ್ನೊಂದು ತೊಡಕೂ ತಪ್ಪುತ್ತದೆ: ಒಂದೇ ಕಸುಬಿನವರು ಕೂತು ದರ ಗೊತ್ತುಮಾಡಿದರೆ 2002ರ ಸ್ಪರ್ಧಾ ಕಾಯ್ದೆಗೆ ಉತ್ತರ ಕೊಡಬೇಕಾಗುತ್ತದೆ. ಇಷ್ಟಾಗಿಯೂ ಮಾತು ಹೊರಬಿದ್ದರೆ, ಹೊರಹಾಕಿದವನು ಅವತ್ತೇ ಹೊರಗೆ. ಎರಡನೆಯ ಅವಕಾಶ ಇಲ್ಲ.

ಹಾಗಾದರೆ ನಮ್ಮ ಜಾತಿಯವರ ಕೂಟವೇ ಸಾಕಲ್ಲ, ಅಲ್ಲಿ ವಿಶ್ವಾಸ ಮೊದಲೇ ಇದೆಯಲ್ಲ ಎಂದರೆ ನಾನು ಒಪ್ಪುವುದಿಲ್ಲ. ಈ ಊರಿನ ಬ್ಯಾಂಕುಗಳಲ್ಲಿ ಹಲವು ಅಂಥ ವಿಶ್ವಾಸದಿಂದಲೇ ಎದ್ದವು ಎಂಬುದು ನಿಜ, ಅದಕ್ಕೆ ನನ್ನ ಗೌರವ ಇದೆ. ಆದರೆ ಹಣ ಕೂಡಿಸುವ ವಿಶ್ವಾಸ ಬೇರೆ, ಸೋಲನ್ನು ಹೇಳಿಕೊಳ್ಳುವ ವಿಶ್ವಾಸ ಬೇರೆ. ಮಗಳಿಗೆ ಸಂಬಂಧ ನೋಡಬೇಕಾದವರ ಎದುರಲ್ಲಿ ಯಾರೂ ನಷ್ಟದ ಪುಟ ತೆರೆಯುವುದಿಲ್ಲ. ಬಂಟರು, ಬ್ಯಾರಿಗಳು, ಕೊಂಕಣಿಗರು, ಬಿಲ್ಲವರು, ಕ್ರೈಸ್ತರು ಬೆರೆತು ಕೂತರೆ ಮಾತು ಸಲೀಸು.

ಪುರುಸೊತ್ತಿಲ್ಲ ಎನ್ನುವವರಿಗೆ ದೀರ್ಘ ಉತ್ತರ ಬೇಡ. ತಿಂಗಳಿಗೆ ಮೂರು ಗಂಟೆ ಧಣಿ ಇಲ್ಲದೆ ನಡೆಯದ ಉದ್ಯಮವಾದರೆ, ಕೂಟದ ಮುಂದಿಡಬೇಕಾದ ಮೊದಲ ಪ್ರಶ್ನೆ ಅದೇ.

ಕೊನೆಯ ಆಕ್ಷೇಪ: ಮೊದಲು ಪುಸ್ತಕ ತೆರೆಯುವವರು ಯಾರು? ನಾನ್‌ಚಾಂಗಿನಲ್ಲಿ ತಮಗಿಂತ ದೊಡ್ಡ ಸಂಸ್ಥೆಯವರು ಜೊತೆಗಿದ್ದ ಗುಂಪುಗಳಿಗೆ ಲಾಭ ಹೆಚ್ಚು ಸಿಕ್ಕಿತ್ತು. ಹಾಗಾಗಿ ಪ್ರತಿ ಕೂಟದಲ್ಲೂ ಉಳಿದವರಿಗಿಂತ ಒಂದು ಮೆಟ್ಟಿಲು ಮೇಲಿರುವ ಒಬ್ಬರಾದರೂ ಬೇಕು, ಅವರೇ ಮೊದಲು ತೆರೆಯಬೇಕು. ಅವರಿಗೇನು ಲಾಭ ಎಂದರೆ, ಲೆಕ್ಕದ ಲಾಭ ಸ್ವಲ್ಪ ಕಡಿಮೆಯೇ. ಆದರೆ ಎದುರಾಡುವವರಿಲ್ಲದ ಕಷ್ಟ ದೊಡ್ಡ ಧಣಿಗೆ ಇನ್ನೂ ಹೆಚ್ಚು. ಅಂಥವರನ್ನು ಕರೆದು ಒಪ್ಪಿಸುವುದು, ಕೋಣೆಯೊಂದನ್ನು ಬಿಟ್ಟುಕೊಡುವುದು, ಆಮೇಲೆ ಒಳಗೆ ಬಾರದೆ ಇರುವುದು ಬಂದರಿನ ಮತ್ತು ಬೈಕಂಪಾಡಿಯ ಸಂಸ್ಥೆಗಳು ಮಾಡಬಹುದಾದ ಕೆಲಸ.