ಅರಳುಮರಳಿನ ಲೆಕ್ಕ

ಅರವತ್ತಕ್ಕೆ ಅರಳುಮರಳು ಅಂತೀವಲ್ಲ, ಯಾವ ಲೆಕ್ಕದಲ್ಲಿ? ಮುದುಕರೊಬ್ಬರ ಸ್ಕ್ಯಾನ್ ನೋಡಿ, ಮಿದುಳಿನ ಹೊರಪದರ ತೆಳ್ಳಗಿದೆ, ಬುದ್ಧಿಯೂ ಮಂದ, ಎಲ್ಲ ವಯಸ್ಸೇ ತಿಂದುಹಾಕಿದೆ ಅಂದುಬಿಡುವುದು ಸುಲಭ.

ಸ್ಕಾಟ್ಲೆಂಡಿನಲ್ಲಿ 1947ರ ಜೂನ್ 4ರಂದು, 1936ರಲ್ಲಿ ಹುಟ್ಟಿದ್ದ 70 ಸಾವಿರಕ್ಕೂ ಹೆಚ್ಚು ಮಕ್ಕಳು ಒಂದೇ ಬುದ್ಧಿಪರೀಕ್ಷೆ ಬರೆದಿದ್ದರು. ಪುಣ್ಯಕ್ಕೆ ಆ ಅಂಕಗಳು ಉಳಿದಿದ್ದವು. ಎಡಿನ್‌ಬರೋದ ಇಯಾನ್ ಡಿಯರಿ ಮತ್ತು ಜೊತೆಗಾರರು ಆ ವರ್ಷ ಹುಟ್ಟಿದ ಸಾವಿರದಷ್ಟು ಜನರನ್ನು ಎಪ್ಪತ್ತರ ಸುಮಾರಿಗೆ ಹುಡುಕಿ ಮತ್ತೆ ಪರೀಕ್ಷಿಸಿದರು. 73ರ ಹೊತ್ತಿಗೆ ಹಲವರ ಎಂಆರ್‌ಐ ಕೂಡ ಆಯಿತು. ಹೊರಪದರ ದಪ್ಪಗಿದ್ದವರಿಗೆ ಒಟ್ಟಾರೆ ಅಂಕ ಹೆಚ್ಚು, ನಿಜ. ಆದರೆ ಹನ್ನೊಂದನೇ ವಯಸ್ಸಿನ ಅಂಕವನ್ನೂ ಲೆಕ್ಕಕ್ಕೆ ತಗೊಂಡಾಗ ಆ ನಂಟಿನ ಮೂರನೇ ಎರಡಕ್ಕೂ ಹೆಚ್ಚು ಭಾಗ ಕರಗಿಹೋಯಿತು! ವಯಸ್ಸಿನ ತಲೆಗೆ ಕಟ್ಟಿದ್ದ ವ್ಯತ್ಯಾಸ ಬಹುಪಾಲು ಬಾಲ್ಯದಿಂದಲೇ ಜೊತೆಗಿತ್ತು.

ವಯಸ್ಸು ಏನೂ ಕಸಿಯಲ್ಲ ಅಂತಲ್ಲ, ಮಿದುಳು ಸವೆಯುತ್ತದೆ. ಆದರೆ ಎಷ್ಟು ಹೋಯಿತು ಅನ್ನೋಕೆ ಮೊದಲು ಎಷ್ಟಿತ್ತು ಗೊತ್ತಿರಬೇಕಲ್ಲ? ನಮ್ಮ ಅಜ್ಜಿಯರಿಗೆ ಹನ್ನೊಂದರಲ್ಲಿ ಯಾರೂ ಪರೀಕ್ಷೆ ಕೊಡಲಿಲ್ಲ. ಎಷ್ಟೋ ಜನ ಶಾಲೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಆದರೂ ಫೋನಿನಲ್ಲಿ ಒಂದು ಗುಂಡಿ ತಪ್ಪಿ ಒತ್ತಿದರೆ ಸಾಕು, "ಸುಮ್ನಿರಜ್ಜಿ, ನಿಂಗೊತ್ತಾಗಲ್ಲ" ಅಂದು ಪಾಸ್‌ಬುಕ್ಕನ್ನೂ ಕೈಯಿಂದ ತೆಗೆದುಕೊಳ್ಳುತ್ತೇವೆ.