ಅಭಯವಿತ್ತವನ ಹೊಣೆ



ಬಲಹೀನನಿಗೆ ನೆರವಾಗದಿರುವುದು ತಪ್ಪು. ಆದರೆ 'ನಿನ್ನ ರಕ್ಷಣೆ ನನ್ನ ಹೊಣೆ' ಎಂದು ನಂಬಿಸಿ, ಅವನ ಕೈಯಲ್ಲಿದ್ದ ಕೋಲನ್ನೂ ಕೆಳಗಿರಿಸುವಂತೆ ಮಾಡಿ, ಶತ್ರು ಬಾಗಿಲಿಗೆ ಬಂದಾಗ ಮೌನವಾಗಿರುವುದು ಅದಕ್ಕಿಂತಲೂ ಘೋರವಾದ ತಪ್ಪು. ನಾವು ಮಾತು ಕೊಡದಿದ್ದರೆ ಆತ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತಿದ್ದನೇನೋ. ಮಾತು ಕೊಟ್ಟು ಆ ದಾರಿಯನ್ನೂ ನಾವು ಮುಚ್ಚಿಬಿಟ್ಟಿರುತ್ತೇವೆ.

ವ್ಯಕ್ತಿಗಳಂತೆ ರಾಷ್ಟ್ರಗಳೂ ಈ ತಪ್ಪನ್ನು ಮಾಡುತ್ತವೆ. ಬೋಸ್ನಿಯಾದ ಕಥೆಯನ್ನೇ ನೋಡಿರಿ. 1991ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರಾಸ್ತ್ರ ಪೂರೈಕೆಯನ್ನು ನಿಷೇಧಿಸಿತು. 1992ರಲ್ಲಿ ಬೋಸ್ನಿಯಾದಲ್ಲಿ ಯುದ್ಧ ಆರಂಭವಾದಾಗ ಸರ್ಬ್ ಪಡೆಗಳ ಕೈಯಲ್ಲಿ ಹಳೆಯ ಯುಗೊಸ್ಲಾವ್ ಸೇನೆಯ ಟ್ಯಾಂಕುಗಳೂ ಫಿರಂಗಿಗಳೂ ಇದ್ದವು. ಬೋಸ್ನಿಯಾ ಸರಕಾರದ ಬಳಿ ಅಂತಹ ಭಾರೀ ಶಸ್ತ್ರಗಳು ತೀರಾ ಕಡಿಮೆ. ನಿಷೇಧ ಇಬ್ಬರಿಗೂ ಒಂದೇ ಆಗಿತ್ತು ನಿಜ. ಆದರೆ ಉಳ್ಳವನಿಗೂ ಇಲ್ಲದವನಿಗೂ ಒಂದೇ ನಿಷೇಧ ಹೇರಿದರೆ ಕಟ್ಟುಬೀಳುವುದು ಇಲ್ಲದವನ ಕೈಗಳು ಮಾತ್ರ.

ಶಸ್ತ್ರ ಕೊಡದವರು ರಕ್ಷಣೆಯ ಭರವಸೆ ಕೊಟ್ಟರು. ಬೋಸ್ನಿಯಾದ ಆಕಾಶದಲ್ಲಿ ಯುದ್ಧ ವಿಮಾನಗಳು ಹಾರಬಾರದೆಂದು ಆಜ್ಞೆಯಾಯಿತು. 1993ರ ಏಪ್ರಿಲ್‌ನಿಂದ ನ್ಯಾಟೋ ವಿಮಾನಗಳು ಕಾವಲು ನಿಂತವು. 1994ರ ಫೆಬ್ರವರಿಯಲ್ಲಿ ಆಜ್ಞೆ ಮೀರಿದ ನಾಲ್ಕು ವಿಮಾನಗಳನ್ನು ಹೊಡೆದುರುಳಿಸಿದವು ಕೂಡ. ಆದರೆ ಗುಡ್ಡಗಳ ಮೇಲೆ ಕುಳಿತಿದ್ದ ಫಿರಂಗಿಗಳು ಪಟ್ಟಣಗಳ ಮೇಲೆ ಗುಂಡಿನ ಮಳೆಗರೆಯುತ್ತಲೇ ಇದ್ದವು.

1993ರ ಏಪ್ರಿಲ್ 16ರಂದು ಸ್ರೆಬ್ರೆನಿತ್ಸಾ ಪಟ್ಟಣವನ್ನು 'ಸುರಕ್ಷಿತ ಪ್ರದೇಶ'ವೆಂದು ಸಾರಲಾಯಿತು. ಒಳಗಿದ್ದವರು ಶಸ್ತ್ರಗಳನ್ನು ಶಾಂತಿಪಾಲಕರಿಗೆ ಒಪ್ಪಿಸಬೇಕೆಂದು ಒಪ್ಪಂದವಾಗಿ, ಒಂದಷ್ಟನ್ನು ಒಪ್ಪಿಸಿಯೂ ಬಿಟ್ಟರು. ಅಂತಹ ಆರು ಪ್ರದೇಶಗಳ ರಕ್ಷಣೆಗೆ 34,000 ಸೈನಿಕರು ಬೇಕೆಂದು ಅಂದಾಜಿಸಲಾಗಿತ್ತು. ಮಂಡಳಿ ಒಪ್ಪಿದ್ದು ಸುಮಾರು 7,600 ಮಂದಿಗೆ. ವಿಮಾನ ದಾಳಿ ನಡೆಯಬೇಕಾದರೆ ವಿಶ್ವಸಂಸ್ಥೆ ಮತ್ತು ನ್ಯಾಟೋ ಎರಡರ ಒಪ್ಪಿಗೆಯೂ ಬೇಕಿತ್ತು. ಒಂದು ಬೀಗಕ್ಕೆ ಎರಡು ಕೀಲಿಕೈ!

1995ರ ಜುಲೈ 6ರಂದು ದಾಳಿ ಆರಂಭವಾಯಿತು. ಅಲ್ಲಿದ್ದ ಡಚ್ ಶಾಂತಿಪಾಲಕರು ಮತ್ತೆ ಮತ್ತೆ ವಿಮಾನಗಳ ನೆರವು ಕೇಳಿದರು. ಜುಲೈ 11ರ ಮಧ್ಯಾಹ್ನ ಕೊನೆಗೂ ವಿಮಾನಗಳು ಬಂದು ಬಾಂಬು ಹಾಕಿದವು. ಒತ್ತೆಯಲ್ಲಿದ್ದ ಡಚ್ ಸೈನಿಕರನ್ನು ಕೊಲ್ಲುವುದಾಗಿ ಬೆದರಿಕೆ ಬಂದೊಡನೆ ಆ ದಾಳಿಯೂ ನಿಂತಿತು. ಅಂದೇ ಪಟ್ಟಣ ಬಿದ್ದುಹೋಯಿತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ಅದೇ ವರ್ಷದ ಆಗಸ್ಟ್ 30ರಂದು ನ್ಯಾಟೋ ವಿಮಾನಗಳು ದೊಡ್ಡ ಪ್ರಮಾಣದಲ್ಲಿ ದಾಳಿ ನಡೆಸಿದವು. ವರ್ಷಾಂತ್ಯಕ್ಕೆ ಶಾಂತಿ ಒಪ್ಪಂದವೂ ಆಯಿತು. ಅಂದರೆ ಶಕ್ತಿ ಇರಲಿಲ್ಲವೆಂದಲ್ಲ. ಶಕ್ತಿ ಇತ್ತು, ಸಂಕಲ್ಪ ಬಂದದ್ದು ಕಬರ್‌ಗಳು ತುಂಬಿದ ಮೇಲೆ.

ಈಗ ಹದಿನಾಲ್ಕು ಶತಮಾನಗಳ ಹಿಂದಿನ ಇನ್ನೊಂದು ಮೈತ್ರಿಯನ್ನು ನೋಡೋಣ. ಹಿಜರಿ 6ರ ಹುದೈಬಿಯಾ ಒಪ್ಪಂದದಂತೆ ಅರಬ್ ಗೋತ್ರಗಳು ತಮಗಿಷ್ಟವಾದ ಪಕ್ಷವನ್ನು ಸೇರಬಹುದಿತ್ತು. ಖುಝಾಅ ಗೋತ್ರವು ಪ್ರವಾದಿವರ್ಯರ(ಸ) ಪಕ್ಷವನ್ನೂ ಬನೂ ಬಕ್ರ್ ಗೋತ್ರವು ಕುರೈಷರ ಪಕ್ಷವನ್ನೂ ಸೇರಿದವು. ಎರಡು ವರ್ಷ ಕಳೆಯುವಷ್ಟರಲ್ಲಿ ಬನೂ ಬಕ್ರ್‌ನವರು ರಾತ್ರಿಯ ಕತ್ತಲಲ್ಲಿ ಖುಝಾಅದವರ ಮೇಲೆರಗಿದರು. ಕುರೈಷರು ಗುಟ್ಟಾಗಿ ಅವರಿಗೆ ಶಸ್ತ್ರಗಳನ್ನೊದಗಿಸಿದರು. ಅಮ್ರ್ ಬಿನ್ ಸಾಲಿಮ್ ಎಂಬವರು ಮದೀನಾಕ್ಕೆ ಧಾವಿಸಿ, ಮಸೀದಿಯಲ್ಲಿ ಜನರ ಮುಂದೆ ನಿಂತು ಮೊರೆಯಿಟ್ಟರು. ಪ್ರವಾದಿವರ್ಯರು(ಸ) ನೆರವು ಸಿಗುವುದೆಂದು ಅಲ್ಲಿಯೇ ಮಾತು ಕೊಟ್ಟರು. ಒಪ್ಪಂದವನ್ನು ಮತ್ತೆ ಗಟ್ಟಿಗೊಳಿಸಲು ಅಬೂ ಸುಫ್ಯಾನ್ ಬಂದರೂ ಬರಿಗೈಯಲ್ಲಿ ಮರಳಬೇಕಾಯಿತು. ಹಿಜರಿ 8ರ ರಮಝಾನಿನಲ್ಲಿ 10,000 ಮಂದಿಯ ಸೇನೆ ಮಕ್ಕಾದತ್ತ ಹೊರಟಿತು.

ಇಲ್ಲಿ ಎರಡು ವಿಷಯಗಳನ್ನು ಗಮನಿಸಿರಿ. ಒಂದು, ಖುಝಾಅದವರೆಲ್ಲರೂ ಮುಸ್ಲಿಮರಾಗಿರಲಿಲ್ಲ. ಅವರಲ್ಲಿ ಮುಶ್ರಿಕರೂ ಇದ್ದರು. ನೆರವಿಗೆ ಧಾವಿಸಿದ್ದು ಕೊಟ್ಟ ಮಾತಿಗಾಗಿ, ಮರ್ದಿತರಿಗಾಗಿ. ಇನ್ನೊಂದು, ಮಕ್ಕಾ ಕೈವಶವಾದ ದಿನ ಸೇಡಿನ ಬದಲು ಸಾರ್ವತ್ರಿಕ ಕ್ಷಮೆ ಘೋಷಿಸಲಾಯಿತು. ಮರ್ದಿತನ ನೆರವಿಗೆ ಹೋದವನು ತಾನೇ ಅಕ್ರಮಿಯಾಗಿ ಮರಳಬಾರದು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂದು ಸೂರಃ ಅಲ್‌ಮಾಇದಃ ನಮ್ಮನ್ನು ಎಚ್ಚರಿಸಿದೆ.

ಓದುಗರೇ, ವಿಮಾನಗಳೂ ಸೇನೆಗಳೂ ನಿಮ್ಮ ನಮ್ಮ ಕೈಯಲ್ಲಿಲ್ಲ. ಆದರೆ ಅಭಯದ ಮಾತನ್ನು ನಾವೂ ದಿನವೂ ಆಡುತ್ತೇವಲ್ಲವೇ? ಗಂಡನನ್ನು ಕಳೆದುಕೊಂಡ ಸಹೋದರಿಗೆ ಇದ್ದತ್‌ನ ದಿನಗಳಲ್ಲಿ 'ಜಮಾಅತ್ ನಿನ್ನ ಜೊತೆಗಿದೆ' ಎನ್ನುತ್ತೇವೆ. ಆಕೆಯ ಪಾಲಿನ ಜಾಗವನ್ನು ಮೈದುನಂದಿರು ಕಬಳಿಸಲು ಹೊರಟಾಗ ಅದು ಅವರ ಮನೆಯ ವಿಷಯವೆಂದು ಸುಮ್ಮನಾಗುತ್ತೇವೆ. ನೆರೆಯವನಿಗೆ, ಆತ ಯಾವ ಧರ್ಮದವನೇ ಆಗಿರಲಿ, 'ಗಲಾಟೆಯಾದರೆ ನಮ್ಮ ಮನೆಗೆ ಬನ್ನಿ' ಎನ್ನುತ್ತೇವೆ. ಆ ರಾತ್ರಿ ಬಂದೇಬಿಟ್ಟರೆ ನಮ್ಮ ಬಾಗಿಲು ತೆರೆದಿರುತ್ತದೆಯೇ? ಮನಸ್ಸಿನಲ್ಲಿ ಇಲ್ಲವೆಂದುಕೊಂಡು ನಾಲಗೆಯಲ್ಲಿ 'ಇನ್‌ಶಾ ಅಲ್ಲಾಹ್' ಎಂದ ಸಂದರ್ಭಗಳೆಷ್ಟು?

ಶಕ್ತಿಗೆ ಮೀರಿದ ಮಾತನ್ನು ಕೊಡಬೇಡಿರಿ. ಆಗದಿದ್ದರೆ ಆಗದೆಂದು ಮೊದಲೇ ಹೇಳಿಬಿಡಿರಿ; ಆತ ಬೇರೆ ಆಸರೆ ಹುಡುಕಿಕೊಂಡಾನು. ಕೊಟ್ಟ ಮೇಲೆ ಅದು ಅಮಾನತ್ತು. ಕರಾರಿನ ಕುರಿತು ವಿಚಾರಣೆಯಿದೆಯೆಂದು ಸೂರಃ ಬನೀ ಇಸ್ರಾಈಲ್ ಸ್ಪಷ್ಟಪಡಿಸಿದೆ. 1999ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ತಮ್ಮ ವರದಿಯಲ್ಲಿ ಸ್ರೆಬ್ರೆನಿತ್ಸಾದ ವೈಫಲ್ಯವನ್ನು ಒಪ್ಪಿಕೊಂಡರು. 2019ರಲ್ಲಿ ಡಚ್ ಸರ್ವೋಚ್ಚ ನ್ಯಾಯಾಲಯವು ಶಿಬಿರದಲ್ಲಿ ಆಶ್ರಯ ಪಡೆದಿದ್ದ ಸುಮಾರು 350 ಮಂದಿಯ ಸಾವಿನಲ್ಲಿ ತನ್ನ ದೇಶದ ಹೊಣೆ ಶೇ. 10ರಷ್ಟೆಂದು ತೀರ್ಪಿತ್ತಿತು. ಇಹಲೋಕದ ನ್ಯಾಯಾಲಯ ಹೊಣೆಯನ್ನು ಹೀಗೆ ಶೇಕಡಾವಾರು ಅಳೆಯಬಹುದು. ಮರ್ದಿತನ ಮೊರೆಗೂ ತನಗೂ ನಡುವೆ ಪರದೆಯನ್ನೇ ಇಡದ ಪ್ರಭುವಿನ ಮುಂದೆ ನಾವು ಏನನ್ನು ಅಳೆದು ತೋರಿಸೋಣ?

ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಧೈರ್ಯವನ್ನೂ ಮರ್ದಿತರ ಪರ ನಿಲ್ಲುವ ಸ್ಥೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.