ಹಂಚುವ ಕೈ, ಲೆಕ್ಕ ಕೊಡುವ ಕೈ



ಸಹೋದರನಿಂದ ತನ್ನ ಪಾಲು ಕೊಡಿಸಬೇಕೆಂದು ಒಬ್ಬನು ಬೇಡಿಕೊಂಡಾಗ, ಯೇಸುಸ್ವಾಮಿ ಪಂಚಾಯಿತಿ ಮಾಡಲಿಲ್ಲ; ದುರಾಶೆಯ ಬಗ್ಗೆ ಎಚ್ಚರಿಸಿದರು (ಲೂಕ, 12ನೇ ಅಧ್ಯಾಯ). ವೈಟ್‌ಫೀಲ್ಡ್ ಸುತ್ತಮುತ್ತ ಐ.ಟಿ. ಕಂಪನಿಗಳು ಬಂದ ಮೇಲೆ ಹೊಲದ ಬೆಲೆ ಏರಿತು, ಒಡಹುಟ್ಟಿದವರ ನಡುವಿನ ಮಾತು ಇಳಿಯಿತು.

ತಂದೆಯ ಉಯಿಲಿನಲ್ಲಿ ನೀವು ಎಕ್ಸಿಕ್ಯೂಟರ್ ಆಗಿದ್ದರೆ ನೆನಪಿಡಿ: ಆಸ್ತಿ ನಿಮ್ಮ ಕೈಗೆ ಬರುವುದು ಹಂಚಲಿಕ್ಕೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಪ್ರೊಬೇಟ್ ಪಡೆದವರು 6 ತಿಂಗಳೊಳಗೆ ಆಸ್ತಿ-ಸಾಲಗಳ ಪಟ್ಟಿಯನ್ನೂ 1 ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಆ ಪಟ್ಟಿಯನ್ನು ನಿಮ್ಮ ತಂಗಿಯ ಮುಂದೆಯೂ ಇಡಿ. ಬಚ್ಚಿಟ್ಟ ಪಾಸ್‌ಬುಕ್ಕೇ ಅನುಮಾನದ ಬೀಜ.

ಪಾಲು ಕೇಳುವವರೇ, ನೀವೂ ತಾಳ್ಮೆಯಿಂದಿರಿ. ಅಂತ್ಯಕ್ರಿಯೆಯ ಖರ್ಚು, ಸಾಲ ತೀರಿದ ಮೇಲೆಯೇ ಪಾಲು. ಮರಣದಿಂದ 1 ವರ್ಷದೊಳಗೆ ಕೊಡಲೇಬೇಕೆಂದು ಕಾಯ್ದೆ ಒತ್ತಾಯಿಸುವುದಿಲ್ಲ. ಆದರೆ ಲೆಕ್ಕ ಕೇಳುವುದು ಪಾಪವಲ್ಲ, ನಿಮ್ಮ ಹಕ್ಕು.

ದಾವೆ ಹೂಡಿದ್ದರೂ ರಾಜಿಯ ಬಾಗಿಲು ಮುಚ್ಚಿಲ್ಲ. 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ನಮ್ಮ ವ್ಯಾಜ್ಯವನ್ನು ಕಳುಹಿಸಿಕೊಡಿ ಎಂದು ನ್ಯಾಯಾಲಯವನ್ನು ಕೇಳಿಕೊಳ್ಳಬಹುದು.

ತಂದೆಯ ವರ್ಷದ ಪೂಜೆಗೆ ನೀವೆಲ್ಲ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಬಲ್ಲಿರಾ? ಹಂಚಿಕೆ ಸರಿಯಾಯಿತೆಂಬುದಕ್ಕೆ ಅದೇ ಸಾಕ್ಷಿ.